ಕಂಪೆ ತೆಗೆದ ಹೊಲ

ಜಾಲಿಮುಳ್ಳಿನ ಕಂಪೆಯನ್ನು ಎಳೆದು ಬದುವಿನ ಆಚೆಗೆ ಬಿಸಾಕುವಾಗ ಒಂದು ಮುಳ್ಳು ಯಶೋದಳ ಅಂಗೈಗೆ ಇಳಿದು ಅಲ್ಲೇ ಮುರಿಯಿತು. ನೋಡಿಕೊಳ್ಳಲು ಪುರುಸೊತ್ತಿರಲಿಲ್ಲ. ಮಿಡಿಗೇಶಿ ಕಡೆಯ ರಸ್ತೆಯಲ್ಲಿ ಧೂಳೆದ್ದಿತ್ತು. ಎರಡು ಟೆಂಪೊ ಟ್ರಾವೆಲರು, ಅವುಗಳ ಹಿಂದೆ ಒಂದು ಬಿಳಿ ಕಾರು.

"ಲೇ, ಬಂದ್ರು ಕಣೇ! ತೋರಣ ಕಟ್ಟಾಯ್ತಾ?" ಹುಣಸೆಮರದ ಕೆಳಗೆ ಒಲೆ ಹೂಡುತ್ತಿದ್ದ ಗಂಡ ಜಯರಾಮು ಕೂಗಿದ.

"ಕಟ್ಟಾಯ್ತು. ನೀವು ಆ ಬನೀನಿನ ಮ್ಯಾಲೆ ಒಂದು ಅಂಗಿ ಹಾಕ್ಕಳ್ರಿ ಮದ್ಲು."

ಬೇಲಿಯ ಸಂದಿನ ಎರಡೂ ಕಡೆ ಗೂಟ ನೆಟ್ಟು, ಮಾವಿನ ಸೊಪ್ಪು ಕಟ್ಟಿ, ನಡುವೆ ಒಂದು ಚೆಂಡುಹೂವಿನ ಸರ ಇಳಿಬಿಟ್ಟಿದ್ದಳು. ಬಿತ್ತನೆಯಾದ ದಿನದಿಂದ ಆ ಸಂದಿಗೆ ಕಂಪೆ ಅಡ್ಡ ಹಾಕಿತ್ತು. ದನ ನುಗ್ಗಬಾರದು, ಹಂದಿ ನುಗ್ಗಬಾರದು ಅಂತ. ಇವತ್ತು ಮನುಷ್ಯರು ನುಗ್ಗಬೇಕಾಗಿತ್ತು.

ಇದು ಪೂರ್ತಿ ಯಶೋದಳದೇ ಹಠ. ತಾವರೆಕೆರೆಯ ತವರಿನವರ ಜೊತೆ ಕೊರಟಗೆರೆ ಕಡೆ ಒಂದು ಮದುವೆಗೆ ಹೋಗಿದ್ದಾಗ, ದಾರಿಯಲ್ಲಿ ಒಂದು ಸೀಬೆ ತೋಟಕ್ಕೆ ಪಟ್ಟಣದವರು ಕಾರು ಕಟ್ಟಿಕೊಂಡು ಬಂದು, ದುಡ್ಡು ಕೊಟ್ಟು, ತಾವೇ ಹಣ್ಣು ಕಿತ್ತುಕೊಂಡು ಹೋಗುವುದನ್ನು ಕಂಡಿದ್ದಳು. ಮನೆಗೆ ಬಂದು ಹೇಳಿದಾಗ ಜಯರಾಮು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ದುಡ್ಡು ಕೊಟ್ಟು ಕೂಲಿ ಮಾಡಕ್ಕೆ ಬತ್ತಾರಂತೆ ಕಣಪ್ಪೋ!" ಮಾವ ಮೂಡಲಗಿರಿಯಪ್ಪ ಮಾತ್ರ ನಗಲಿಲ್ಲ. ಕುರಿಗೆ ಸೊಪ್ಪು ಕಟ್ಟುತ್ತಾ, "ಮುಂದ್ಲ ಹೊಲ ಅವ್ಳ ಮಾತಿಗೆ ಬುಡು ಕಣ್ಲಾ. ಒಂದ್ಸಲ ನೋಡಾನ," ಅಂದಿದ್ದ. ಮದುವೆಯಾಗಿ ಬಂದ ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ಅವಳ ಮಾತಿಗೆ ಬಿಟ್ಟ ಮೊದಲ ನೆಲ ಅದು.

ಚಿತ್ತೆ ಮಳೆ ಬಿದ್ದು ನೆಲ ಹದವಾಗಿದ್ದಾಗ ಹಿಂದಿನ ಹೊಲದ ಕಡಲೆಕಾಯಿಯನ್ನು ಕಿತ್ತು ಕಣಕ್ಕೆ ಹಾಕಿದ್ದರು. ಮುಂದಿನ ಹೊಲವೂ ಮಾಗಿತ್ತು. ಆದರೆ ಕಾಯಿ ಕೀಳಲು ಒಪ್ಪಿದ್ದ ತುಮಕೂರಿನ ಒಂದು ಬಡಾವಣೆಯವರು ದೀಪಾವಳಿ ಕಳೆದ ಮೇಲಿನ ಭಾನುವಾರವೇ ಬರುತ್ತೇವೆಂದಿದ್ದರು. "ಅಲ್ಲೀಗಂಟ ನೆಲ ಬಿಗಿತದೆ ಕಣೆ," ಅಂದ ಜಯರಾಮು. "ಸ್ವಾತಿ ಒಂದು ಹನಿನಾದ್ರೂ ಹಾಕೇ ಹಾಕ್ತದೆ," ಅಂದಳು ಯಶೋದ. ಸ್ವಾತಿ ಮೋಡ ತೋರಿಸಿತು, ಗಾಳಿ ಬೀಸಿತು, ಹಂಗೇ ಹೋಯಿತು. ಕೆಮ್ಮಣ್ಣು ಬಿಸಿಲಿಗೆ ಕಾದು ಹೆಂಚಾಗಿತ್ತು.

ಬಂದವರ ಮುಂದಾಳು ಮೋಹನ್ ಕುಮಾರ್ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದರು. ಕಾರಿನಿಂದ ಇಳಿದವರೇ ಸೊಂಟದ ಮೇಲೆ ಕೈಯಿಟ್ಟು ಮಿಡಿಗೇಶಿ ಬೆಟ್ಟದ ಕೋಟೆ ನೋಡಿ, "ಆಹಾ, ಗಾಳಿ ನೋಡ್ರೀ!" ಎಂದರು. ಹಿಂದೆಯೇ ಟೋಪಿ ಹಾಕಿದ ಮಕ್ಕಳು, ನೀರಿನ ಬಾಟಲು ಹಿಡಿದ ಹೆಂಗಸರು ಇಳಿದರು. ಮೋಹನ್ ಕುಮಾರ್ ಅವರ ಮಗಳು ಯಶಸ್ವಿನಿ, ಎಂಟು ವರ್ಷದವಳಿರಬೇಕು, ತೋರಣದ ಕೆಳಗೆ ಎಲ್ಲರಿಗಿಂತ ಮೊದಲು ಓಡಿ ಒಂದು ಗಿಡವನ್ನು ಎರಡೂ ಕೈಯಲ್ಲಿ ಹಿಡಿದು, ಕಾಲು ಊರಿ ಜಗ್ಗಿದಳು.

ಗಿಡ ಬಂತು. ಹುಡುಗಿ ಹಿಂದಕ್ಕೆ ಬಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಗಿಡವನ್ನು ತಲೆಕೆಳಗು ಮಾಡಿ ನೋಡಿದಳು. ಬೇರಿತ್ತು. ಬೇರಿನ ಸುತ್ತ ಹರಿದ ದಾರದಂಥ ತೊಟ್ಟುಗಳಿದ್ದವು. ಒಂದು ಎಳಸು ಕಾಯಿ ಮಾತ್ರ ನೇತಾಡುತ್ತಿತ್ತು.

"ಅಪ್ಪಾ, ಇದ್ರಲ್ಲಿ ಖಾಲಿ!"

"ಬೇರೇದು ಕೀಳು ಪುಟ್ಟಾ."

ಬೇರೆಯದೂ ಹಾಗೇ ಬಂತು. ದೊಡ್ಡವರೂ ಕೈ ಹಾಕಿದರು. ಮುಂದಿನದರಲ್ಲಿ ಇದ್ದೀತು, ಆ ಸಾಲಿನಲ್ಲಿ ಇದ್ದೀತು ಅಂತ ಹಟಕ್ಕೆ ಬಿದ್ದವರಂತೆ ಕಿತ್ತರು. ಕಿತ್ತದ್ದನ್ನು ನೋಡಿ ಬಿಸಾಕಿ ಮುಂದಕ್ಕೆ ಹೋದರು. "ಕಡ್ಲೆಕಾಯಿ ಆಮೇಲೆ ವಾಟ್ಸಾಪಲ್ಲಿ ಕಳಿಸ್ತಾರಂತೆ ಕಣ್ರೀ," ಎಂದು ಯಾರೋ ಅಂದದ್ದಕ್ಕೆ ದೊಡ್ಡ ನಗೆಯೆದ್ದಿತು. ಯಶೋದಳೂ ನಕ್ಕಳು. ಏನಾಗಿದೆ ಎಂಬುದು ಅವಳಿಗೆ ಮೊದಲ ಗಿಡದಲ್ಲೇ ಗೊತ್ತಾಗಿತ್ತು. ಬಿಗಿದ ನೆಲ ಗಿಡವನ್ನು ಬಿಟ್ಟಿತ್ತು, ಕಾಯಿಯನ್ನು ಬಿಟ್ಟಿರಲಿಲ್ಲ.

ಕಾಪಾಡಿದ್ದು ಜಯರಾಮುವೇ. ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಓಡಿ ಬಂದ. ಕಣದಲ್ಲಿ ಒಟ್ಟಿದ್ದ ಹಿಂದಿನ ಹೊಲದ ಗಿಡವನ್ನು ಗಾಡಿಯಲ್ಲಿ ತುಂಬಿ ತಂದು ಹುಣಸೆಮರದ ನೆರಳಿಗೆ ಸುರಿದ. "ಸಾರ್, ಕೀಳಾದೇನು ಯಾರು ಬೇಕಾದ್ರೂ ಕೀಳ್ತಾರೆ. ಬಿಡ್ಸಾದು ಅಸ್ಲಿ ಕೆಲ್ಸ. ಬನ್ನಿ, ಕುಂತ್ಕಳಿ. ಯಾರು ಜಾಸ್ತಿ ಬಿಡುಸ್ತಾರೋ ಅವ್ರಿಗೆ ಕುರಿಮರಿ ಎತ್ಕಣಕ್ಕೆ ಕೊಡ್ತೀನಿ." ಮಕ್ಕಳು ಬೆಲ್ಲಕ್ಕೆ ಬಂದ ಇರುವೆಯಂತೆ ಮುತ್ತಿದರು. ಹಂಡೆಯಲ್ಲಿ ಕಾಯಿ ಬೆಂದವು. ಮುದ್ದೆ, ಹುರುಳಿಸಾರು, ಮಜ್ಜಿಗೆ. ಉಂಡು, ಮಲಗಿ, ಕುರಿಮರಿ ಎತ್ತಿಕೊಂಡು ಫೋಟೋ ತೆಗೆಸಿಕೊಂಡು, ಚೀಲಗಳಲ್ಲಿ ಕಾಯಿ ತುಂಬಿಸಿಕೊಂಡು ಹೊರಟರು.

"ಅವರೆಕಾಯಿ ಕಾಲಕ್ಕೆ ಇನ್ನೂ ಜಾಸ್ತಿ ಜನ ಬರ್ತೀವಿ ಮೇಡಂ," ಎಂದರು ಮೋಹನ್ ಕುಮಾರ್ ಕಾರು ಹತ್ತುತ್ತಾ. "ಆದ್ರೆ ಆವಾಗ ಗಿಡದಲ್ಲಿ ಕಾಯಿ ಇರ್ಬೇಕು, ಆಯ್ತಾ?"

ಮೇಡಂ ಎಂದು ಕರೆಸಿಕೊಂಡದ್ದು ಕಿವಿಯಲ್ಲಿ ಇನ್ನೂ ಇರುವಾಗಲೇ ಯಶೋದ ಹೊಲಕ್ಕೆ ತಿರುಗಿದಳು. ಒಂದು ಗಿಡವೂ ನಿಂತಿರಲಿಲ್ಲ. ಜಯರಾಮು ಗುದ್ದಲಿಯಿಂದ ಒಂದು ಕಡೆ ಅಗೆದು, ಹೆಂಟೆಯನ್ನು ಅಂಗೈಯಲ್ಲಿ ಪುಡಿ ಮಾಡಿ ಅವಳ ಮುಂದೆ ಹಿಡಿದ. ಮಣ್ಣಿನಲ್ಲಿ ದಪ್ಪ ದಪ್ಪ ಕಾಯಿ, ಎರಡು ಮೂರು ಬೀಜದವು.

"ನೋಡು. ಪೂರಾ ಒಳಗೇ ಐತೆ ನಿನ್ ಬೆಳೆ." ಅವನ ದನಿ ಏರಿರಲಿಲ್ಲ, ಅದೇ ಅವಳಿಗೆ ಕಷ್ಟವಾಯಿತು. "ನಾಳಿಕ್ಕೆ ನರಸಿಂಹರಾಜು ಟ್ರ್ಯಾಕ್ಟರ್ ಹೇಳ್ತೀನಿ. ಕುಂಟೆ ಹೊಡ್ಸಿ, ಆಳಿಟ್ಟು ಆಯ್ಸಿದ್ರೆ ಮನಿಗೆ ಬತ್ತದೆ. ಬಂದ್ರೆ ಸರಿ. ಬರ್ನಿಲ್ಲ ಅಂದ್ರೆ ಅವರೆಕಾಯಿಗೆ ಯಾರ್ನೂ ಕರಿಬ್ಯಾಡ. ಈ ಆಟ ಇಲ್ಲಿಗೇ ಬುಡು."

"ಹೂಂ," ಅಂದಳು.

"ಆ ಕಂಪೆ ಎಳ್ದು ಹಾಕು ಮದ್ಲು. ಯಾಕೆ ತೆಗ್ದೆ ಅದ್ನ? ಪಕ್ಕದಾಗೆ ದಾರಿ ಮಾಡಿದ್ರೆ ಆಗ್ತಿರ್ಲಿಲ್ವಾ?"

ಆಗ ಯಶೋದಳಿಗೆ ತಾನು ಮಾಡಿದ್ದು ಹೊಳೆಯಿತು. ಆ ಸೀಮೆಯಲ್ಲಿ ಹೊಲದ ಗಿಡವೆಲ್ಲ ಕಿತ್ತಾದ ಮೇಲೆ ಹೊಲದವರು ಸಂದಿನ ಕಂಪೆ ತೆಗೆದು ಬದುವಿನ ಆಚೆಗೆ ಹಾಕುತ್ತಾರೆ. ಬಾಯಿಬಿಟ್ಟು ಯಾರೂ ಏನೂ ಹೇಳುವುದಿಲ್ಲ. ಕಂಪೆ ಬದುವಿನ ಆಚೆ ಬಿತ್ತೆಂದರೆ ಹಕ್ಕಲು ಬಿಟ್ಟರು ಎಂದು ಅರ್ಥ. ಆಮೇಲೆ ಆ ನೆಲದೊಳಗೆ ಉಳಿದ ಕಾಯಿ ಹೊಲದವರದಲ್ಲ, ಹಕ್ಕಲು ಆಯುವವರದು. ಕಾಲೊನಿಯ ಹೆಂಗಸರು ಮೊಂಡು ಕುಡುಗೋಲು, ಗೋಣಿಚೀಲ ಹಿಡಿದು ಬರುತ್ತಾರೆ. ಈ ಹೊಲಕ್ಕೆ ಬರುವವಳು ರಾಮಾಂಜಿನಮ್ಮ. ಅವಳಿಗಿಂತ ಮುಂಚೆ ಅವಳ ಅತ್ತೆ ಬರುತ್ತಿದ್ದಳಂತೆ. ಅವರು ಕೆದಕಿ ಮುಗಿಸಿದ ಮೇಲೆ ಮೂಡಲಗಿರಿಯಪ್ಪನ ಕುರಿ.

ಕುರಿ ಹೊಡೆದುಕೊಂಡು ಬಂದ ಮೂಡಲಗಿರಿಯಪ್ಪ ಸಂದಿನಲ್ಲಿ ನಿಂತು, ಬದುವಿನಾಚೆ ಬಿದ್ದ ಕಂಪೆಯನ್ನು, ಬರಿದಾದ ಹೊಲವನ್ನು ನೋಡಿದ.

"ಯಾರು ತೆಗ್ದಿದ್ದು?"

"ನಾನೇ ಮಾವ. ಅವ್ರು ಬರ್ತಾರೆ ಅಂತ."

"ಹೂಂ," ಎಂದ ಮುದುಕ. ಹೊಲದ ಕಡೆ ತಿರುಗಿದ ಒಂದು ಕುರಿಯನ್ನು ಕೋಲಿನಿಂದ ಈಚೆಗೆ ತಳ್ಳಿ ಮನೆ ಕಡೆ ನಡೆದ.

ಆಗಲೇ ಕತ್ತಲಾಗುತ್ತಿತ್ತು. ಬೆಳಿಗ್ಗೆ ಎದ್ದು ಹಾಕಿದರಾಯಿತು ಎಂದು ಯಶೋದ ಕಂಪೆಯನ್ನು ಮುಟ್ಟದೆ ಮನೆಗೆ ಬಂದಳು. ಒಲೆ ಮುಂದೆ ಕುಳಿತಾಗ ಮೋಹನ್ ಕುಮಾರ್ ಕಳಿಸಿದ ಫೋಟೋಗಳು ಒಂದರ ಹಿಂದೆ ಒಂದು ಬಂದವು. ಕುರಿಮರಿ, ಮುದ್ದೆ, ಹಂಡೆ. ಒಂದರಲ್ಲಿ ಯಶಸ್ವಿನಿ ಖಾಲಿ ಗಿಡವನ್ನು ಬಾವುಟದಂತೆ ಎತ್ತಿ ಹಿಡಿದು ನಾಲಿಗೆ ಚಾಚಿದ್ದಳು. ಯಶೋದಳಿಗೂ ನಗು ಬಂತು. ಆಮೇಲೆ ಹುಡುಗಿಯ ಹಿಂದೆ, ತೋರಣದ ಆಚೆ, ದೂರದಲ್ಲಿ ಏನೋ ಕಂಡು ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದಳು. ಬದುವಿನ ಹೊಂಗೆಮರದ ಕೆಳಗೆ ಹೆಂಗಸರು ಸಾಲಾಗಿ ಕುಳಿತಿದ್ದರು. ಮುಖ ಕಾಣುತ್ತಿರಲಿಲ್ಲ. ಮಡಿಸಿದ ಗೋಣಿಚೀಲಗಳನ್ನು ಕೆಳಗೆ ಹಾಕಿಕೊಂಡು ಕುಳಿತದ್ದು ಮಾತ್ರ ಕಾಣುತ್ತಿತ್ತು. ದಿನವಿಡೀ ಅವಳು ಆ ಕಡೆ ತಿರುಗಿಯೂ ನೋಡಿರಲಿಲ್ಲ.

ಬೆಳಗಿನ ಮಬ್ಬು ಬೆಳಕಿನಲ್ಲೇ ಅವಳು ಹೊಲಕ್ಕೆ ಬಂದಳು. ಹೆಂಗಸರು ಬರುವ ಮುಂಚೆ ಕಂಪೆ ಸಂದಿಗೆ ಬಿದ್ದಿದ್ದರೆ ಯಾರ ಬಾಯಿಗೂ ಮಾತಿರುವುದಿಲ್ಲ ಎಂಬುದು ಲೆಕ್ಕ. ಕಂಪೆಯ ಬುಡ ಹಿಡಿದು ಎತ್ತಿದಳು.

"ಬಂದ್ಯಾ ಯಸೋದಮ್ಮ?"

ಹೊಂಗೆಮರದ ಕೆಳಗಿನಿಂದ ದನಿ ಬಂತು. ರಾಮಾಂಜಿನಮ್ಮ ಒಬ್ಬಳೇ ಮೊಣಕಾಲು ತಬ್ಬಿಕೊಂಡು, ತಲೆಗೆ ಸೆರಗು ಸುತ್ತಿಕೊಂಡು ಕುಳಿತಿದ್ದಳು. ಯಶೋದ ಕಂಪೆಯನ್ನು ಕೈಯಲ್ಲಿ ಹಿಡಿದೇ ನಿಂತಳು.

"ಯಾವಾಗ ಬಂದೆ?"

"ಈಗ್ಲೇ ಅಂತ ಬೇಕಾದ್ರೆ ಅನ್ನು. ನೆನ್ನೆಯಿಂದ್ಲೇ ಅಂತ ಬೇಕಾದ್ರೆ ಅನ್ನು."

"ಒಳಕ್ಕೆ ಹೋಗ್ಲಿಲ್ವಾ ಮತ್ತೆ?"

"ಹೆಂಗೋಗ್ಲಿ? ಕಂಪೆ ತೆಗ್ದೈತೆ, ಸರಿ. ಆದ್ರೆ ಮಾವಿನ ಸೊಪ್ಪು ಕಟ್ಟೈತೆ, ಹೂವು ಕಟ್ಟೈತೆ. ನಮ್ ಹಕ್ಕಲಿಗೆ ನೀವು ಯಾವತ್ತು ತೋರಣ ಕಟ್ಟಿದ್ರಿ ಹೇಳು? ಅದುಕ್ಕೆ, ಇದು ನಮ್ಗೋ ಅವ್ರಿಗೋ, ಕೇಳ್ಕಂಡು ಹೋಗಾನ ಅಂತ ಕುಂತೆ."

ಹೇಳಿ ನಕ್ಕಳು. ಯಶೋದಳಿಗೆ ನಗಲಾಗಲಿಲ್ಲ. ಮುಳ್ಳು ಮುರಿದಿದ್ದ ಅಂಗೈ ರಾತ್ರಿಯೇ ಊದಿಕೊಂಡಿತ್ತು. ಕಂಪೆಯನ್ನು ಎಡಗೈಗೆ ಬದಲಾಯಿಸಿದಳು.

"ಈ ಸಲ ಹಂಗಲ್ಲ ರಾಮಾಂಜಿನಮ್ಮ. ಕಾಯೆಲ್ಲಾ ಒಳಗೇ ಉಳ್ಕಂಬುಟ್ಟೈತೆ."

"ಗೊತ್ತು ಕಣಮ್ಮ. ಕಿತ್ತೆಸ್ದಿದ್ದ ಗಿಡ ನೋಡ್ದೆ. ಒಂದ್ರಾಗೂ ಕಾಯಿಲ್ಲ. ಕಾಲು ಬಂದು ಎದ್ದೋಗ್ತಾವಾ ಅವು?"

"ಒಂದು ಮಾತು ಹೇಳ್ಲಾ? ನಮ್ಮನೆಯವ್ರು ಟ್ರ್ಯಾಕ್ಟರ್ ಹೊಡುಸ್ತಾರೆ. ನೀವೇ ಬಂದು ಆಯ್ರಿ. ಮೂರ್ರಾಗೆ ಒಂದು ಪಾಲು ನಿಮ್ಗೆ. ಹಕ್ಕಲಿಗಿಂತ ಜಾಸ್ತಿನೇ ಆಗ್ತದೆ."

ರಾತ್ರಿಯೆಲ್ಲ ಮಗ್ಗಲು ಬದಲಾಯಿಸಿ ಅವಳು ಕಂಡುಕೊಂಡಿದ್ದ ದಾರಿ ಅದು. ಆಡುವಾಗ ನ್ಯಾಯವಾಗಿಯೇ ಕೇಳಿಸಿತು.

ರಾಮಾಂಜಿನಮ್ಮ ತಲೆಯ ಸೆರಗು ಸರಿಮಾಡಿಕೊಂಡಳು. "ಕೂಲಿ ಅಂದ್ರೆ ಕೂಲಿ ಅನ್ನು, ಬತ್ತೀವಿ. ಯಾವತ್ತು ಬಂದಿಲ್ಲ ನಾವು? ಹಕ್ಕಲು ಅಂದ್ರೆ ಹಕ್ಕಲು ಅನ್ನು. ಎಲ್ಡನ್ನೂ ಕಲ್ಸಿ ಮುದ್ದೆ ಕಟ್ಟಬ್ಯಾಡ ತಾಯಿ."

"ಜಾಸ್ತಿ ಸಿಕ್ತದೆ ಅಂದೆ ಅಷ್ಟೆ."

"ಹೋದೊರ್ಸ ಒಳ್ಳೆ ಹದದಾಗೆ ಕಿತ್ರಿ ನೀವು. ನಾನೂ ನನ್ ಸೊಸೇನೂ ಹಗಲೆಲ್ಲಾ ಕೆದಕಿದ್ರೆ ಒಂದು ಮಡ್ಲು ತುಂಬ್ನಿಲ್ಲ. ಗಾಣಕ್ಕೆ ಹಾಕನ ಅಂದ್ರೆ ಒಂದು ಬಾಟ್ಲು ಎಣ್ಣೆ ಆಗಂಗಿರ್ಲಿಲ್ಲ." ಅವಳ ದನಿಯಲ್ಲಿ ಜಗಳವಿರಲಿಲ್ಲ. "ಅವತ್ತು ನಾನು ನಿಮ್ ಮನೆ ಬಾಗ್ಲಿಗೆ ಬಂದು, ಕಮ್ಮಿ ಆತು ಯಸೋದಮ್ಮ, ಮೂರ್ರಾಗೆ ಒಂದು ಪಾಲು ಕೊಡು ಅಂದ್ನಾ?"

ಹೊಂಗೆಮರದಲ್ಲಿ ಗೊರವಂಕಗಳು ಗಲಾಟೆ ಎಬ್ಬಿಸಿದವು. ರಸ್ತೆಯಲ್ಲಿ ಮಧುಗಿರಿಯ ಮೊದಲ ಬಸ್ಸು ಹೋಯಿತು.

ಯಶೋದ ಹೊಲದ ಕಡೆ ನೋಡಿದಳು. ಅವಳ ಮಾತಿಗೆ ಬಿಟ್ಟಿದ್ದ ನೆಲ. ಅದರ ಕಾಯಿ ಮನೆಗೆ ಬಂದರೆ ಅವರೆಕಾಯಿಗೆ ಜನ ಬರುತ್ತಾರೆ, ಅವಳ ಮಾತು ಉಳಿಯುತ್ತದೆ. ಬರದಿದ್ದರೆ ಅವಳು ಮತ್ತೆ ಕಣಕ್ಕೆ ಬುತ್ತಿ ಹೊರುವವಳು. ಕಂಪೆಯನ್ನು ಸಂದಿಗೆ ಅಡ್ಡ ಹಾಕಿದರೆ ರಾಮಾಂಜಿನಮ್ಮ ಎದ್ದು ಹೋಗುತ್ತಾಳೆ. ಬೈಯುವುದಿಲ್ಲ, ಊರಲ್ಲಿ ಹೇಳಿಕೊಂಡು ತಿರುಗುವುದೂ ಇಲ್ಲ. ನಾಡಿದ್ದು ಕೂಲಿಗೆ ಕರೆದರೆ ಬರುತ್ತಾಳೆ. ಅದೆಲ್ಲ ಯಶೋದಳಿಗೆ ಗೊತ್ತಿತ್ತು. ಗೊತ್ತಿದ್ದದ್ದೇ ತೊಂದರೆ.

"ನಿನ್ ಹತ್ರ ಪಿನ್ನೈತಾ?" ಕೇಳಿದಳು.

ರಾಮಾಂಜಿನಮ್ಮ ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ, ಬಂದು, ಬದುವಿನ ಮೇಲಿಟ್ಟು ಹಿಂದೆ ಸರಿದಳು. ಯಶೋದ ಕಂಪೆಯನ್ನು ಅದು ಮೊದಲು ಬಿದ್ದಿದ್ದ ಕಡೆಗೇ ಹಾಕಿದಳು. ಪಿನ್ನು ತೆಗೆದುಕೊಂಡು ಅಂಗೈ ಕೆದಕಿದಳು. ಮುಳ್ಳಿನ ಕರಿಯ ತುದಿ ಕಂಡಿತು, ಬರಲಿಲ್ಲ.

"ಎಡಗೈಲಿ ಆಗ್ತದಾ? ತತ್ತಾ ಇಲ್ಲಿ," ಎಂದಳು ರಾಮಾಂಜಿನಮ್ಮ. ಎಂದವಳು ಮುಂದೆ ಬರಲಿಲ್ಲ. ಯಶೋದ ಕೈ ಚಾಚಿದ ಮೇಲೆ ಬಂದಳು.

ಮುಳ್ಳು ತೆಗೆಸಿಕೊಂಡು ಯಶೋದ ಹೋಗಿ ತೋರಣದ ಒಂದು ತುದಿಯನ್ನು ಗೂಟದಿಂದ ಬಿಚ್ಚಿದಳು. ಆಮೇಲೆ ಇನ್ನೊಂದು ತುದಿ. ಬಾಡಿದ ಮಾವಿನ ಸೊಪ್ಪನ್ನು ಹಗ್ಗ ಸಮೇತ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

ರಾಮಾಂಜಿನಮ್ಮ ಊರ ಕಡೆ ತಿರುಗಿ ಬಾಯಿಗೆ ಕೈ ಅಡ್ಡ ಹಿಡಿದಳು. "ಲೇ ವೇದಾವತೀ! ಅವ್ರುನ್ನೂ ಕರ್ಕಂಡು ಬಾರೇ! ಚೀಲ ಇನ್ನೊಂದೆಲ್ಡು ತಗಂಡು ಬಾ!"

ಜಯರಾಮು ಬಂದದ್ದು ಬಿಸಿಲೇರಿದ ಮೇಲೆ, ನರಸಿಂಹರಾಜುವಿನ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕುಳಿತುಕೊಂಡು. ಅಷ್ಟು ಹೊತ್ತಿಗೆ ಹೆಂಗಸರು ಹೊಲದ ತುಂಬ ಕುಕ್ಕುರುಗಾಲಲ್ಲಿ ಕುಳಿತು ಕೆದಕುತ್ತಿದ್ದರು. ಎಲ್ಲರಿಗಿಂತ ಮುಂದೆ ರಾಮಾಂಜಿನಮ್ಮನ ಸೊಸೆ ವೇದಾವತಿ, ನೈಟಿಯ ಮೇಲೆ ಗಂಡನ ಅಂಗಿ ತೊಟ್ಟು, ಕಿವಿಗೆ ಫೋನಿನ ವೈರು ಸಿಕ್ಕಿಸಿಕೊಂಡು. ಜಯರಾಮು ಇಳಿಯದೆಯೇ ಹೆಂಡತಿಯನ್ನು ನೋಡಿದ.

"ಏನೇ ಇದು?"

"ಕಂಪೆ ತೆಗ್ದಿದ್ನಲ್ಲ," ಅಂದಳು.

"ಅದು ಅವ್ರಿಗೆ ತೆಗ್ದಿದ್ದೇನೇ? ತುಮಕೂರ್ನೋರಿಗೆ ತೆಗ್ದಿದ್ದು!"

"ಕಂಪೆಗೆ ಗೊತ್ತಾಗ್ತದಾ ಅದು?"

ನರಸಿಂಹರಾಜು ಕಿಸಕ್ಕನೆ ನಕ್ಕ. ಜಯರಾಮು ಅವನ ಕಡೆ ತಿರುಗಿ, "ಹೊಡಿಯಲಾ ನೀನು, ಆ ಮೂಲೆಯಿಂದ ಇಡ್ಕ," ಎಂದ.

"ಹಕ್ಕಲಿಗೆ ಕುಂತಿರಾ ಹೆಂಗಸ್ರ ಮ್ಯಾಲೆ ಕುಂಟೆ ಬುಡಕ್ಕಾಗ್ತದೇನಣ್ಣ? ಅದ್ರಾಗೆ ನಮ್ ದೊಡ್ಡಮ್ಮನೂ ಅವ್ಳೆ ನೋಡು, ಆ ಹಸ್ರು ಸೀರೆ. ಮನಿಗೋದ್ರೆ ನಂಗೆ ಮುದ್ದೆ ಇಕ್ತಾರಾ?" ಇಂಜಿನ್ನು ಆರಿಸಲಿಲ್ಲ. ಹಿಂದಕ್ಕೆ ತೆಗೆದ. "ಬಾಡ್ಗೆ ಬ್ಯಾಡ ಬುಡು. ಒಂದು ಟೀ ಕುಡ್ಸು."

ಜಯರಾಮು ಧುಮುಕಿ ಇಳಿದ. ಹೆಂಗಸರೆಲ್ಲ ಕುಡುಗೋಲು ನಿಲ್ಲಿಸಿ ಅವನನ್ನೇ ನೋಡುತ್ತಿದ್ದರು. ಯಶೋದಳ ಪಕ್ಕದಲ್ಲಿ ಹಾದು ಹೋಗುವಾಗ ತಗ್ಗಿದ ದನಿಯಲ್ಲಿ, "ಅವರೆಕಾಯಿಗೆ ಯಾರೂ ಬರಲ್ಲ. ಗೊತ್ತಾಯ್ತಾ?" ಎಂದ.

"ಗೊತ್ತಾಯ್ತು."

ಮನೆಯಲ್ಲಿ ಅವನು ಆ ದಿನವೂ ಮಾರನೆಯ ದಿನವೂ ಮಾತಾಡಲಿಲ್ಲ. ತಟ್ಟೆ ಇಟ್ಟರೆ ಉಂಡ, ನೀರು ಇಟ್ಟರೆ ಕುಡಿದ. ಮೂಡಲಗಿರಿಯಪ್ಪ ಇಬ್ಬರ ನಡುವೆ ಕುಳಿತು ತನ್ನ ಮುದ್ದೆ ಮುರಿದ. ಯಶೋದ ಹೊಲದ ಕಡೆ ಹೋಗಲಿಲ್ಲ. ಹಕ್ಕಲು ಆಯುವಾಗ ಹೊಲದವರು ಬದುವಿನ ಮೇಲೆ ನಿಂತು ನೋಡಬಾರದು ಎಂಬುದು ರೂಢಿ. ಆದರೂ ಕಣದಲ್ಲಿ ಕಾಯಿ ಹರವುವಾಗ, ಕಾಲೊನಿ ಕಡೆಗೆ ತಲೆಹೊರೆ ಹೋಗುವುದು ಕಾಣುತ್ತಿತ್ತು. ಹೋದಷ್ಟೇ ಬೇಗ ಖಾಲಿ ಚೀಲ ಹಿಡಿದು ವಾಪಸು ಬರುತ್ತಿದ್ದರು. ಅವಳು ಎಣಿಸಬಾರದೆಂದು ಬೆನ್ನು ತಿರುಗಿಸಿ ಕುಳಿತಳು.

ಮೂರನೆಯ ದಿನ ಸಂಜೆ ಮಾವ ಕುರಿ ಬಿಚ್ಚಿಕೊಂಡು, "ಬಾ ಮಗಾ, ಹಕ್ಕಲು ಮುಗೀತಂತೆ," ಎಂದು ಕರೆದಾಗ ಹೋದಳು.

ಹೆಂಗಸರು ಹೊರಟಿದ್ದರು. ಹಕ್ಕಲು ಮುಗಿಸಿ ಹೋಗುವಾಗ ಸಂದಿನ ಪಕ್ಕದ ಗಡಿಕಲ್ಲಿನ ಮೇಲೆ ಒಬ್ಬೊಬ್ಬರೂ ಒಂದು ಬೊಗಸೆ ಕಾಯಿ ಹೊಲದವರಿಗೆಂದು ಇಡಬೇಕು. ಮಾಮೂಲಿ ವರ್ಷಗಳಲ್ಲಿ ಅಲ್ಲಿ ಬೀಳುತ್ತಿದ್ದುದು ನಾಲ್ಕು ಸೊಟ್ಟ ಕಾಯಿ. ಅದನ್ನು ಯಾರೂ ಮನೆಗೆ ತರುತ್ತಿರಲಿಲ್ಲ, ಅಳಿಲು ತಿನ್ನುತ್ತಿತ್ತು. ಹಸಿರು ಸೀರೆಯ ಮುದುಕಿ ಬೊಗಸೆ ಸುರಿದು ಹೋದಳು. ವೇದಾವತಿ ಸುರಿದಳು. ಕೊನೆಗೆ ರಾಮಾಂಜಿನಮ್ಮ ತಲೆಯ ಮೇಲಿನ ಚೀಲ ಇಳಿಸದೆ ಮೊಣಕಾಲೂರಿ, ಮಡಿಲಿನಿಂದ ಒಂದು ಬೊಗಸೆ ತೆಗೆದು ಇಟ್ಟಳು. ಒಂದೇ ಬೊಗಸೆ, ತುಂಬಿದ್ದು. ಜಾರಿ ಬಿದ್ದ ಎರಡು ಕಾಯಿಯನ್ನು ಹುಡುಕಿ ಮೇಲಿಟ್ಟಳು. ಎದ್ದು ಹೋಗುವಾಗ, "ಕೈ ವಾಸಿ ಆತಾ?" ಎಂದು ಕೇಳಿದಳು.

"ಆತು," ಅಂದಳು ಯಶೋದ.

ಫೋನು ಬಡಿದುಕೊಂಡಿತು. ಮೋಹನ್ ಕುಮಾರ್. "ಮೇಡಂ, ಇಲ್ಲಿ ಎಲ್ಲಾರೂ ನಿಮ್ಮದೇ ಮಾತು. ನನ್ ಮಗಳು ಆ ಖಾಲಿ ಗಿಡ ಗೋಡೆಗೆ ನೇತು ಹಾಕ್ಕೊಂಡಿದಾಳೆ! ಅವರೆಕಾಯಿಗೆ ಯಾವಾಗ ಬರೋಣ?"

ಯಶೋದ ಮಾವನ ಕಡೆ ನೋಡಿದಳು. ಮುದುಕ ಕುರಿಗಳನ್ನು ನೋಡುತ್ತಿದ್ದ.

"ಮನೇಲಿ ಕೇಳಿ ಹೇಳ್ತೀನಿ ಸಾರ್."

"ನೀವೇ ಅಲ್ವಾ ಅದರ ಓನರ್ರು? ಯಾರನ್ನ ಕೇಳ್ಬೇಕು?" ಅವರು ನಕ್ಕರು.

"ಕೇಳಿ ಹೇಳ್ತೀನಿ," ಎಂದು ಫೋನು ಇಟ್ಟಳು.

ಕೆದಕಿದ ಕೆಮ್ಮಣ್ಣಿನ ವಾಸನೆಗೆ ಕುರಿಗಳು ಸಂದಿನಲ್ಲಿ ಒತ್ತರಿಸಿ ಒಂದರ ಮೇಲೊಂದು ಕತ್ತು ಹಾಕಿ ನಿಂತಿದ್ದವು. ಮೂಡಲಗಿರಿಯಪ್ಪ ಕೋಲನ್ನು ಅಡ್ಡ ಹಿಡಿದಿದ್ದ. ಯಶೋದ ಕಲ್ಲಿನ ಬಳಿ ಕುಕ್ಕರಿಸಿ, ಸೆರಗನ್ನು ಹರವಿ, ಕಾಯಿಯ ಗುಪ್ಪೆಯನ್ನು ಎರಡೂ ಕೈಯಿಂದ ಅದಕ್ಕೆ ಎಳೆದುಕೊಂಡಳು. ಕಲ್ಲಿನ ಬಿರುಕಿನಲ್ಲಿ ಸಿಕ್ಕಿದ್ದ ಒಂದು ಕಾಯಿಯನ್ನು ಅಳಿಲಿಗೆ ಬಿಟ್ಟಳು. ಸೆರಗಿನ ತುದಿ ಗಂಟು ಹಾಕಿ ಅವಳು ಎದ್ದು ಪಕ್ಕಕ್ಕೆ ಸರಿಯುವವರೆಗೂ ಮುದುಕ ಕೋಲು ತೆಗೆಯಲಿಲ್ಲ.